ಆ್ಯಪ್‌ಗೊಂದು ಪೋಸ್ಟ್‌ಗ್ರೆಸ್: ಇನ್‌ಸ್ಟಾಲ್ ಸುಲಭ, ಅಕೌಂಟ್ ಕೊಡುವುದರಲ್ಲೇ ಇದೆ ಕೆಲಸ

ಹೊಸ ಆ್ಯಪ್‌ಗೆ ಡೇಟಾಬೇಸ್ ಸರ್ವರ್ ಬೇಕೆಂದರೆ ಪೋಸ್ಟ್‌ಗ್ರೆಸ್‌ಕ್ಯೂಎಲ್ ಹೆಸರು ಬಂದೇ ಬರುತ್ತದೆ. 1986ರಲ್ಲಿ ಬರ್ಕ್‌ಲಿ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಮುಂದಾಳತ್ವದಲ್ಲಿ ಶುರುವಾಗಿ, 1996ರಲ್ಲಿ ಈಗಿನ ಹೆಸರು ಪಡೆದ ಸಾಫ್ಟ್‌ವೇರ್ ಇದು. ವರ್ಷಕ್ಕೊಂದು ದೊಡ್ಡ ಆವೃತ್ತಿ, ಪ್ರತಿ ಆವೃತ್ತಿಗೂ 5 ವರ್ಷ ರಿಪೇರಿ, ಲೈಸೆನ್ಸಿಗೆ ಬಿಡಿಗಾಸಿಲ್ಲ. ಹೊಗಳುವವರು ಇಂಡೆಕ್ಸು, ಜೇಸನ್, ವೇಗ ಎಂದು ಮಾತು ತೆಗೆಯುತ್ತಾರೆ. ಹೊಸಬರು ಎಡವುವುದು ಅಲ್ಲೆಲ್ಲೂ ಅಲ್ಲ, ಹೊಸ್ತಿಲಲ್ಲೇ. ಸರ್ವರ್ ಎದ್ದಿರುತ್ತದೆ, ಪಾಸ್‌ವರ್ಡ್ ಸರಿಯಿರುತ್ತದೆ, ಆದರೂ ಆ್ಯಪ್ ಒಳಗೆ ಹೋಗುವುದಿಲ್ಲ. ಈ ವಿಮರ್ಶೆ ನೋಡುವುದು ಆ ಹೊಸ್ತಿಲನ್ನು ಮಾತ್ರ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಯಾರು ಎಲ್ಲಿಂದ ಬರಬಹುದು, ಬಂದವರು ಏನನ್ನು ಮುಟ್ಟಬಹುದು ಎಂಬುದನ್ನು ಇಷ್ಟು ಬಿಡಿಬಿಡಿಯಾಗಿ ಹಿಡಿತದಲ್ಲಿಡಲು ಬಿಡುವ ಉಚಿತ ಡೇಟಾಬೇಸ್ ಬೇರೊಂದಿಲ್ಲ ಎನ್ನುವಷ್ಟು ಇದು ನಮಗೆ ಮೆಚ್ಚುಗೆ. ಕೊರತೆಯೂ ಅಲ್ಲೇ ಇದೆ. ಬಾಗಿಲುಗಳು ಒಂದರ ಹಿಂದೊಂದು ಇವೆ, ಯಾವ ಬಾಗಿಲು ಮುಚ್ಚಿದೆ ಎಂಬುದು ಹೊರಗೆ ನಿಂತವರಿಗೆ ಕಾಣುವುದಿಲ್ಲ. ತಲೆಕೆಟ್ಟು ಆ್ಯಪ್‌ಗೆ ಸೂಪರ್‌ಯೂಸರ್ (ಎಲ್ಲ ಹಕ್ಕೂ ಇರುವ ಅಕೌಂಟ್) ಪಟ್ಟ ಕಟ್ಟಿ ಕೈತೊಳೆದುಕೊಳ್ಳುವುದು ಎಲ್ಲೆಡೆ ಕಾಣುವ ತಪ್ಪು. ಅದನ್ನು ತಪ್ಪಿಸುವುದು ಕಷ್ಟವೇನಲ್ಲ, ಬಾಗಿಲುಗಳ ಕ್ರಮ ಗೊತ್ತಿರಬೇಕು ಅಷ್ಟೆ.

ಇನ್‌ಸ್ಟಾಲ್

ಇಲ್ಲಿ ಹೆಚ್ಚು ಹೇಳುವುದಿಲ್ಲ. ಡೆಬಿಯನ್, ಉಬುಂಟುಗಳಲ್ಲಿ ಪ್ಯಾಕೇಜ್ ಹಾಕಿದ ಕೂಡಲೇ ಡೇಟಾ ಫೋಲ್ಡರ್ ತಯಾರಾಗಿ ಸರ್ವರ್ ತಾನೇ ಏಳುತ್ತದೆ. ರೆಡ್‌ಹ್ಯಾಟ್ ಬಳಗದಲ್ಲಿ ಹಾಗಲ್ಲ. ಡೇಟಾ ಫೋಲ್ಡರ್ ತಯಾರಿಸುವ ಇನಿಟ್‌ಡಿಬಿ ಹಂತವನ್ನು ಕೈಯಾರೆ ನಡೆಸಿ, ಆಮೇಲೆ ಸರ್ವಿಸ್ ಶುರುಮಾಡಬೇಕು. ಅದನ್ನು ಮರೆತರೆ ಡೇಟಾ ಫೋಲ್ಡರ್ ಖಾಲಿಯಿದೆ ಎಂದು ಸರ್ವಿಸ್ ಬಿದ್ದುಹೋಗುತ್ತದೆ. ಕಾನ್ಫಿಗ್ ಫೈಲುಗಳು ಡೆಬಿಯನ್‌ನಲ್ಲಿ ಈಟಿಸಿ ಫೋಲ್ಡರಿನಡಿ ಆವೃತ್ತಿವಾರು ಇರುತ್ತವೆ, ರೆಡ್‌ಹ್ಯಾಟ್‌ನಲ್ಲಿ ಡೇಟಾ ಫೋಲ್ಡರಿನ ಒಳಗೇ ಇರುತ್ತವೆ. ಊಹಿಸುವ ಬದಲು ಸರ್ವರನ್ನೇ ಕೇಳಿ: ಪಿಎಸ್‌ಕ್ಯೂಎಲ್ (ಸರ್ವರಿಗೆ ಕಮಾಂಡ್ ಕೊಡುವ ಟೂಲ್) ಒಳಗೆ ‘ಶೋ ಎಚ್‌ಬಿಎ_ಫೈಲ್’ ಎಂದರೆ ಪ್ರವೇಶ ನಿಯಮಗಳ ಫೈಲಿನ ಪೂರ್ತಿ ವಿಳಾಸ ಹೇಳುತ್ತದೆ. ಡೆಬಿಯನ್‌ನಲ್ಲಿ ಎರಡು ಆವೃತ್ತಿ ಒಟ್ಟಿಗಿದ್ದರೆ ಮೊದಲನೆಯದು ಪೋರ್ಟ್ 5432, ಎರಡನೆಯದು 5433 ಹಿಡಿಯುತ್ತದೆ. ಒಂದರ ಫೈಲ್ ತಿದ್ದಿ ಇನ್ನೊಂದಕ್ಕೆ ಕನೆಕ್ಟ್ ಮಾಡುತ್ತ ಕೂರುವ ಅಪಾಯ ಇರುವುದು ಇಲ್ಲೇ.

ಹೊಸ ಕೆಲಸಕ್ಕೆ 15ಕ್ಕಿಂತ ಹಳೆಯ ಆವೃತ್ತಿ ತೆಗೆದುಕೊಳ್ಳಬೇಡಿ. ಕಾರಣ ಮುಂದೆ ಬರುತ್ತದೆ.

ಮೊದಲ ಬಾಗಿಲು: ಸರ್ವರ್ ಎಲ್ಲಿ ಕಿವಿಗೊಟ್ಟಿದೆ

ಹೊಸದಾಗಿ ಎದ್ದ ಪೋಸ್ಟ್‌ಗ್ರೆಸ್ ತನ್ನದೇ ಯಂತ್ರದ ಒಳಗಿನ ಕರೆಗೆ ಮಾತ್ರ ಓಗೊಡುತ್ತದೆ. ‘ಲಿಸನ್_ಅಡ್ರೆಸಸ್’ ಎಂಬ ಸೆಟ್ಟಿಂಗ್‌ನ ಮೂಲ ಬೆಲೆಯೇ ಲೋಕಲ್‌ಹೋಸ್ಟ್. ಆ್ಯಪ್ ಬೇರೆ ಯಂತ್ರದಲ್ಲಿದ್ದರೆ ಇಲ್ಲಿ ಸರ್ವರಿನ ಒಳಜಾಲದ ವಿಳಾಸ ಸೇರಿಸಬೇಕು. ಎಲ್ಲ ಕಡೆ ತೆರೆಯುವ ನಕ್ಷತ್ರ ಚಿಹ್ನೆ ಹಾಕುವ ಅಭ್ಯಾಸ ಬೇಡ. ಈ ಬದಲಾವಣೆಗೆ ರೀಲೋಡ್ (ಸರ್ವರ್ ನಿಲ್ಲಿಸದೆ ಫೈಲನ್ನು ಮತ್ತೆ ಓದಿಸುವುದು) ಸಾಲದು, ರೀಸ್ಟಾರ್ಟ್ ಆಗಲೇಬೇಕು.

ದೋಷದ ಮಾತನ್ನು ಓದಲು ಕಲಿತರೆ ಅರ್ಧ ಕೆಲಸ ಮುಗಿದಂತೆ. ‘ಕನೆಕ್ಷನ್ ರೆಫ್ಯೂಸ್ಡ್’ ಎಂದು ತಟ್ಟನೆ ಬಂದರೆ ಆ ವಿಳಾಸದ ಆ ಪೋರ್ಟಿನಲ್ಲಿ ಸಾಮಾನ್ಯವಾಗಿ ಯಾರೂ ಕೂತಿಲ್ಲ. ಲಿಸನ್ ವಿಳಾಸ, ಪೋರ್ಟ್ ನಂಬರ್ ನೋಡಿ. ಬಹಳ ಹೊತ್ತು ಕಾಯಿಸಿ ‘ಟೈಮ್ಡ್ ಔಟ್’ ಎಂದರೆ ನಡುವಿನ ಫೈರ್‌ವಾಲ್ ಪ್ಯಾಕೆಟ್ಟನ್ನು ನುಂಗುತ್ತಿರುವ ಸಾಧ್ಯತೆಯೇ ಹೆಚ್ಚು. ‘ನೋ ಪಿಜಿ_ಎಚ್‌ಬಿಎ ಎಂಟ್ರಿ’ ಎಂದರೆ ಖುಷಿಪಡಿ, ಸರ್ವರ್‌ವರೆಗೂ ತಲುಪಿದ್ದೀರಿ, ತಡೆದದ್ದು ಎರಡನೆಯ ಬಾಗಿಲು.

ಎರಡನೆಯ ಬಾಗಿಲು: ಪಿಜಿ_ಎಚ್‌ಬಿಎ

ಯಾರನ್ನು ಒಳಗೆ ಬಿಡಬೇಕು ಎಂದು ಹೇಳುವ ಈ ಫೈಲಿನಲ್ಲಿ ಒಂದೊಂದು ಸಾಲೂ ಒಂದೊಂದು ನಿಯಮ. ಯಾವ ಬಗೆಯ ಕನೆಕ್ಷನ್, ಯಾವ ಡೇಟಾಬೇಸ್, ಯಾವ ಯೂಸರ್, ಯಾವ ವಿಳಾಸ, ಯಾವ ಪರೀಕ್ಷೆ ಎಂದು ಐದು ಭಾಗ. ‘ದಾಸ್ತಾನು’ ಎಂಬ ಡೇಟಾಬೇಸಿಗೆ ಒಂದೇ ಯಂತ್ರದಿಂದ ಬರುವ ಆ್ಯಪ್ ಯೂಸರನ್ನು ಬಿಡಬೇಕಾದರೆ ಸಾಲು ಹೀಗಿರುತ್ತದೆ:

ಹೋಸ್ಟ್‌ಎಸ್‌ಎಸ್‌ಎಲ್   ದಾಸ್ತಾನು   ದಾಸ್ತಾನು_ಆ್ಯಪ್   10.0.5.21/32   ಸ್ಕ್ರ್ಯಾಮ್-ಶಾ-256

‘ಹೋಸ್ಟ್’ ಬದಲು ‘ಹೋಸ್ಟ್‌ಎಸ್‌ಎಸ್‌ಎಲ್’ ಎಂದು ಬರೆದದ್ದರಿಂದ ಗೂಢಲಿಪಿಯಿಲ್ಲದ ಕನೆಕ್ಷನ್ನಿಗೆ ಈ ಸಾಲು ಹೊಂದುವುದೇ ಇಲ್ಲ. /32 ಎಂದರೆ ಅದೊಂದೇ ವಿಳಾಸ. ಕೊನೆಯ ಸ್ಕ್ರ್ಯಾಮ್ ಎಂಬುದು ಪಾಸ್‌ವರ್ಡ್ ಪರೀಕ್ಷಿಸುವ ಪದ್ಧತಿಯ ಹೆಸರು. ಇಲ್ಲಿ 0.0.0.0/0 ಎಂದು ಬರೆದರೆ ಲೋಕದ ಯಾವ ಮೂಲೆಯಿಂದಲೂ ಬಾಗಿಲು ಬಡಿಯಬಹುದು.

ಫೈಲನ್ನು ಸರ್ವರ್ ಮೇಲಿನಿಂದ ಕೆಳಗೆ ಓದುತ್ತದೆ, ಮೊದಲು ಹೊಂದಿದ ಸಾಲೇ ಕೊನೆಯ ಮಾತು. ಆ ಸಾಲಿನ ಪರೀಕ್ಷೆಯಲ್ಲಿ ಸೋತರೆ ಮುಂದಿನ ಸಾಲಿಗೆ ಹೋಗಿ ನೋಡುವ ಪದ್ಧತಿ ಇಲ್ಲ. ‘ಎಲ್ಲ ಡೇಟಾಬೇಸ್, ಎಲ್ಲ ಯೂಸರ್’ ಎಂಬ ಅಗಲವಾದ ಸಾಲು ಮೇಲಿದ್ದರೆ, ಅದರ ಕೆಳಗೆ ನೀವು ಜತನದಿಂದ ಬರೆದ ಸಾಲುಗಳು ಇದ್ದೂ ಇಲ್ಲದಂತೆ. ನಿರ್ದಿಷ್ಟ ನಿಯಮ ಮೇಲೆ, ಸಾಮಾನ್ಯ ನಿಯಮ ಕೆಳಗೆ.

ತಿದ್ದಿದ ಮೇಲೆ ರೀಲೋಡ್ ಸಾಕು, ‘ಸೆಲೆಕ್ಟ್ ಪಿಜಿ_ರೀಲೋಡ್_ಕಾನ್ಫ್()’ ಎಂದರಾಯಿತು. ಆದರೆ ಒಂದು ಎಚ್ಚರ. ಫೈಲಿನಲ್ಲಿ ಬರಹದ ತಪ್ಪಿದ್ದರೆ ರೀಲೋಡ್ ಹೊತ್ತಿಗೆ ಸರ್ವರ್ ಲಾಗ್‌ನಲ್ಲಿ ದೂರು ಬರೆದು ಹಳೆಯ ನಿಯಮಗಳನ್ನೇ ಮುಂದುವರಿಸುತ್ತದೆ. ‘ತಿದ್ದಿದೆ, ಆದರೂ ಬದಲಾಗಲಿಲ್ಲ’ ಎಂಬ ದೂರಿನ ಹಿಂದೆ ಅನೇಕ ಸಲ ಇರುವುದು ಇದೇ. ಅದೇ ತಪ್ಪನ್ನು ಇಟ್ಟುಕೊಂಡು ರೀಸ್ಟಾರ್ಟ್ ಮಾಡಿದರೆ ಸರ್ವರ್ ಏಳುವುದೇ ಇಲ್ಲ. ರೀಲೋಡ್‌ಗೆ ಮುಂಚೆ ‘ಪಿಜಿ_ಎಚ್‌ಬಿಎ_ಫೈಲ್_ರೂಲ್ಸ್’ ಎಂಬ ವ್ಯೂವನ್ನು (ಟೇಬಲ್‌ನಂತೆ ಓದಬಹುದಾದ ಪಟ್ಟಿ) ಸೆಲೆಕ್ಟ್ ಮಾಡಿ ನೋಡಿ. ಅದು ಡಿಸ್ಕಿನಲ್ಲಿರುವ ಫೈಲನ್ನು ಓದಿ, ತಪ್ಪಿರುವ ಸಾಲಿನ ಸಂಖ್ಯೆಯನ್ನೂ ಕಾರಣವನ್ನೂ ಎದುರಿಗಿಡುತ್ತದೆ. 2017ರ ಆವೃತ್ತಿ 10ರಲ್ಲಿ ಬಂದ ಈ ಸೌಲಭ್ಯವನ್ನು ಬಳಸದವರೇ ಹೆಚ್ಚು, ಅದಕ್ಕೇ ಒತ್ತಿ ಹೇಳುತ್ತಿದ್ದೇವೆ.

ಪರೀಕ್ಷೆಯ ಬಗೆಗಳಲ್ಲಿ ಪೀರ್ ಬಗ್ಗೆ ಗೊಂದಲ ಬಹಳ. ಪೀರ್ ಎಂದರೆ ಪಾಸ್‌ವರ್ಡ್ ಇಲ್ಲ. ಆಪರೇಟಿಂಗ್ ಸಿಸ್ಟಮ್‌ನಲ್ಲಿ ನಿಮ್ಮ ಹೆಸರೇನೋ ಅದೇ ಡೇಟಾಬೇಸ್ ಯೂಸರಿನ ಹೆಸರೂ ಆಗಿರಬೇಕು. ಅದರಿಂದಲೇ ಪೋಸ್ಟ್‌ಗ್ರೆಸ್ ಯೂಸರಾಗಿ ಸುಡೂ ಮೂಲಕ ಹೋದರೆ ಪಾಸ್‌ವರ್ಡ್ ಕೇಳದೆ ಒಳಗೆ ಬಿಡುತ್ತದೆ. ಅದೇ ಯಂತ್ರದಿಂದ ಆ್ಯಪ್ ಯೂಸರ್ ಹೆಸರು ಕೊಟ್ಟರೆ ‘ಪೀರ್ ಅಥೆಂಟಿಕೇಷನ್ ಫೇಲ್ಡ್’ ಎನ್ನುತ್ತದೆ. ಪಾಸ್‌ವರ್ಡನ್ನು ಎಷ್ಟು ಸಲ ಬದಲಿಸಿದರೂ ಈ ದೋಷ ಹೋಗದು, ಏಕೆಂದರೆ ಪಾಸ್‌ವರ್ಡನ್ನು ಯಾರೂ ಕೇಳುತ್ತಲೇ ಇಲ್ಲ. ಕನೆಕ್ಟ್ ಆಗುವಾಗ ಹೋಸ್ಟ್ ಜಾಗದಲ್ಲಿ 127.0.0.1 ಎಂದು ಕೊಡಿ, ಇಲ್ಲವೇ ಆ ಯೂಸರಿಗಾಗಿಯೇ ‘ಲೋಕಲ್’ (ನೆಟ್‌ವರ್ಕ್ ವಿಳಾಸವಿಲ್ಲದೆ ಅದೇ ಯಂತ್ರದಿಂದ ಬರುವ ಕನೆಕ್ಷನ್) ಸಾಲೊಂದನ್ನು ಸ್ಕ್ರ್ಯಾಮ್ ಜೊತೆ ಮೇಲೆ ಸೇರಿಸಿ. ‘ಟ್ರಸ್ಟ್’ ಎಂದು ಬದಲಿಸಿ ಎಂಬ ಸಲಹೆ ಎಲ್ಲಿ ಕಂಡರೂ ಪಾಲಿಸಬೇಡಿ, ಅದು ಹೆಸರು ಹೇಳಿದವರನ್ನೆಲ್ಲ ಪಾಸ್‌ವರ್ಡ್ ಇಲ್ಲದೆ ಒಳಗೆ ಬಿಡುವ ನಿಯಮ.

ಪಾಸ್‌ವರ್ಡ್ ಪರೀಕ್ಷೆಯ ಹಳೆಯ ಪದ್ಧತಿಯಾದ ಎಂಡಿ5 ಕಾಲ ಮುಗಿಯಿತು. ಸ್ಕ್ರ್ಯಾಮ್ 2017ರಲ್ಲಿ ಬಂತು, 2021ರ ಆವೃತ್ತಿ 14ರಿಂದ ಹೊಸ ಪಾಸ್‌ವರ್ಡುಗಳಿಗೆ ಅದೇ ಮೂಲ ಪದ್ಧತಿ. ಹಳೆಯ ಯೂಸರ್‌ಗಳ ಪಾಸ್‌ವರ್ಡ್ ಎಂಡಿ5 ರೂಪದಲ್ಲೇ ಉಳಿದಿದ್ದರೆ, ಫೈಲಿನಲ್ಲಿ ಸ್ಕ್ರ್ಯಾಮ್ ಎಂದು ಬರೆದ ಕೂಡಲೇ ಅವರು ಹೊರಗೆ ಬೀಳುತ್ತಾರೆ. ಪಾಸ್‌ವರ್ಡನ್ನು ಮತ್ತೊಮ್ಮೆ ಇಡುವುದೇ ಪರಿಹಾರ.

ಮೂರನೆಯ ಬಾಗಿಲು: ಯೂಸರ್ ಮತ್ತು ಹಕ್ಕು

ಪೋಸ್ಟ್‌ಗ್ರೆಸ್‌ನಲ್ಲಿ ಯೂಸರ್, ಗ್ರೂಪ್ ಎಂಬ ಬೇರೆ ಬೇರೆ ಜಾತಿಗಳಿಲ್ಲ, ಇರುವುದು ರೋಲ್ ಒಂದೇ. ಲಾಗಿನ್ ಗುಣ ಇದ್ದರೆ ಯೂಸರ್, ಇಲ್ಲದಿದ್ದರೆ ಗ್ರೂಪ್. ಒಂದು ಆ್ಯಪ್‌ಗೆ ಒಂದೇ ಅಕೌಂಟ್ ಎಂಬ ರೂಢಿಯನ್ನು ಬಿಟ್ಟು ಮೂರು ರೋಲ್ ಮಾಡಿ ಎಂಬುದು ನಮ್ಮ ಖಚಿತ ಸಲಹೆ. ಮೊದಲನೆಯದು ‘ದಾಸ್ತಾನು_ಮಾಲೀಕ’, ಲಾಗಿನ್ ಇಲ್ಲ, ಟೇಬಲ್‌ಗಳೆಲ್ಲ ಇದರ ಹೆಸರಿನಲ್ಲಿ. ಎರಡನೆಯದು ‘ದಾಸ್ತಾನು_ಮೈಗ್ರೇಷನ್’, ಲಾಗಿನ್ ಉಂಟು, ಮಾಲೀಕ ರೋಲಿನ ಸದಸ್ಯ, ಟೇಬಲ್ ಕಟ್ಟುವಾಗ ಮತ್ತು ಬದಲಿಸುವಾಗ ಮಾತ್ರ ಬಳಕೆ. ಮೂರನೆಯದು ‘ದಾಸ್ತಾನು_ಆ್ಯಪ್’, ಹಗಲಿರುಳು ಓಡುವ ಆ್ಯಪ್‌ನದು, ಸಾಲು ಓದಬಹುದು, ಸೇರಿಸಬಹುದು, ತಿದ್ದಬಹುದು, ಅಳಿಸಬಹುದು, ಟೇಬಲ್ಲನ್ನೇ ಕೆಡವಲಾರದು. ಆ್ಯಪ್‌ನಲ್ಲಿ ಎಸ್‌ಕ್ಯೂಎಲ್ ನುಸುಳುವ ಬಿರುಕು ಇದ್ದರೂ ‘ಡ್ರಾಪ್ ಟೇಬಲ್’ ನಡೆಯದಂತೆ ತಡೆಯುವುದು ಈ ಗೆರೆ.

ರೋಲ್ ಹುಟ್ಟಿಸಿದ ಮೇಲೆ ಪಾಸ್‌ವರ್ಡನ್ನು ಪಿಎಸ್‌ಕ್ಯೂಎಲ್‌ನ ‘\ಪಾಸ್‌ವರ್ಡ್’ ಕಮಾಂಡಿನಿಂದ ಇಡಿ. ‘ಆಲ್ಟರ್ ರೋಲ್’ ಸಾಲಿನಲ್ಲೇ ಬರೆದರೆ ಅದು ಕಮಾಂಡ್ ಹಿಸ್ಟರಿಯಲ್ಲೂ ಕೆಲವೊಮ್ಮೆ ಸರ್ವರ್ ಲಾಗ್‌ನಲ್ಲೂ ಹಾಗೇ ಬಿದ್ದಿರುತ್ತದೆ. ಹೆಸರುಗಳನ್ನು ಎರಡು ಉದ್ಧರಣ ಚಿಹ್ನೆಯೊಳಗೆ ಹಾಕಬೇಡಿ. ಚಿಹ್ನೆ ಇಲ್ಲದಿದ್ದರೆ ಇಂಗ್ಲಿಷ್ ದೊಡ್ಡಕ್ಷರಗಳನ್ನೆಲ್ಲ ಸರ್ವರ್ ಸಣ್ಣಕ್ಷರ ಮಾಡಿಕೊಳ್ಳುತ್ತದೆ, ಚಿಹ್ನೆ ಇದ್ದರೆ ಬರೆದಂತೆಯೇ ಉಳಿಸುತ್ತದೆ. ಆಮೇಲೆ ‘ರೋಲ್ ಡಸ್ ನಾಟ್ ಎಗ್ಸಿಸ್ಟ್’ ಎಂದಾಗ ಕಣ್ಣೆದುರೇ ಇರುವ ಹೆಸರು ಯಾಕೆ ಸಿಗುತ್ತಿಲ್ಲ ಎಂದು ಹುಡುಕಾಟ.

ಡೇಟಾಬೇಸ್ ಹುಟ್ಟಿಸುವಾಗ ಮಾಲೀಕತ್ವವನ್ನು ಮಾಲೀಕ ರೋಲಿಗೇ ಕೊಡಿ. ಹೊಸ ಡೇಟಾಬೇಸಿಗೆ ಕನೆಕ್ಟ್ ಆಗುವ ಹಕ್ಕು ಎಲ್ಲ ರೋಲ್‌ಗಳಿಗೂ ಹುಟ್ಟಿನಿಂದಲೇ ಇರುತ್ತದೆ, ಅದನ್ನು ‘ರಿವೋಕ್ ಕನೆಕ್ಟ್ ಆನ್ ಡೇಟಾಬೇಸ್ ದಾಸ್ತಾನು ಫ್ರಂ ಪಬ್ಲಿಕ್’ ಎಂದು ಕಿತ್ತುಕೊಂಡು, ಬೇಕಾದ ರೋಲ್‌ಗಳಿಗೆ ಮಾತ್ರ ಮರಳಿ ಕೊಡಿ.

ಅತಿ ಹೆಚ್ಚು ಜನ ಮೋಸಹೋಗುವ ಕಮಾಂಡ್ ‘ಗ್ರ್ಯಾಂಟ್ ಆಲ್ ಆನ್ ಡೇಟಾಬೇಸ್’. ಹೆಸರು ಕೇಳಿದರೆ ಎಲ್ಲ ಕೊಟ್ಟಂತೆ ಕಾಣುತ್ತದೆ. ನಿಜವಾಗಿ ಅದು ಕೊಡುವುದು ಮೂರೇ: ಕನೆಕ್ಟ್ ಆಗುವುದು, ಹೊಸ ಸ್ಕೀಮಾ (ಡೇಟಾಬೇಸಿನೊಳಗೆ ಟೇಬಲ್‌ಗಳನ್ನಿಡುವ ವಿಭಾಗ) ಕಟ್ಟುವುದು, ತಾತ್ಕಾಲಿಕ ಟೇಬಲ್ ಮಾಡುವುದು. ಒಳಗಿರುವ ಒಂದು ಟೇಬಲ್ಲನ್ನೂ ಓದಲು ಅದರಿಂದ ಆಗದು. 2022ರವರೆಗೆ ಈ ತಪ್ಪು ಮುಚ್ಚಿಹೋಗುತ್ತಿತ್ತು, ಏಕೆಂದರೆ ಡೇಟಾಬೇಸಿನಲ್ಲಿ ಹುಟ್ಟಿನಿಂದಲೇ ಇರುವ ‘ಪಬ್ಲಿಕ್’ ಎಂಬ ಸ್ಕೀಮಾದಲ್ಲಿ ಯಾರು ಬೇಕಾದರೂ ಟೇಬಲ್ ಕಟ್ಟಬಹುದಿತ್ತು. ಆ ವರ್ಷ ಬಂದ ಆವೃತ್ತಿ 15 ಆ ಸಡಿಲವನ್ನು ತೆಗೆಯಿತು. ಅಂದಿನಿಂದ ಹಳೆಯ ಟಿಪ್ಪಣಿ ನೋಡಿ ಮಾಡಿದವರಿಗೆ ‘ಪರ್ಮಿಷನ್ ಡಿನೈಡ್ ಫಾರ್ ಸ್ಕೀಮಾ ಪಬ್ಲಿಕ್’ ಎದುರಾಗುತ್ತಿದೆ. ಇದು ಕೊರತೆಯಲ್ಲ, ಬಹಳ ಹಿಂದೆಯೇ ಆಗಬೇಕಿದ್ದ ರಿಪೇರಿ. ಹಳೆಯ ಸರ್ವರಿನಿಂದ ಅಪ್‌ಗ್ರೇಡ್ ಆಗಿ ಅಥವಾ ಡಂಪ್ ಎಂಬ ಬ್ಯಾಕಪ್ ಫೈಲಿನಿಂದ ಮರಳಿ ಬಂದ ಡೇಟಾಬೇಸಿನಲ್ಲಿ ಹಳೆಯ ಸಡಿಲ ಹಾಗೇ ಉಳಿದಿರುತ್ತದೆ. ಅಲ್ಲಿ ನೀವೇ ರಿವೋಕ್ ಮಾಡಬೇಕು.

ಮುಂದಿನ ಗ್ರ್ಯಾಂಟುಗಳನ್ನು ದಾಸ್ತಾನು ಡೇಟಾಬೇಸಿನ ಒಳಗೆ ನಿಂತೇ ಕೊಡಬೇಕು. ‘ಪೋಸ್ಟ್‌ಗ್ರೆಸ್’ ಎಂಬ ಮೂಲ ಡೇಟಾಬೇಸಿನಲ್ಲಿ ನಿಂತು ಕೊಟ್ಟರೆ ಕಮಾಂಡ್ ಸಲೀಸಾಗಿ ನಡೆಯುತ್ತದೆ, ದೋಷವೂ ಬರುವುದಿಲ್ಲ, ನಿಮ್ಮ ಟೇಬಲ್‌ಗಳಿಗೆ ಏನೂ ಆಗಿರುವುದಿಲ್ಲ. ಒಳಗೆ ನಿಂತು ಆ್ಯಪ್ ರೋಲಿಗೆ ಸ್ಕೀಮಾ ಮೇಲೆ ‘ಯೂಸೇಜ್’ ಕೊಡಿ, ಅದಿಲ್ಲದೆ ಟೇಬಲ್ ಮೇಲಿನ ಹಕ್ಕು ನಿಷ್ಪ್ರಯೋಜಕ. ಬಳಿಕ ಎಲ್ಲ ಟೇಬಲ್‌ಗಳ ಮೇಲೆ ಸೆಲೆಕ್ಟ್, ಇನ್ಸರ್ಟ್, ಅಪ್‌ಡೇಟ್, ಡಿಲೀಟ್. ಆಮೇಲೆ ಕ್ರಮಸಂಖ್ಯೆ ಹುಟ್ಟಿಸುವ ಸೀಕ್ವೆನ್ಸ್‌ಗಳ ಮೇಲೆ ಯೂಸೇಜ್. ಈ ಕೊನೆಯದನ್ನು ಮರೆತರೆ ಓದುವುದು, ತಿದ್ದುವುದು ಎಲ್ಲ ಸರಿ, ಸೀರಿಯಲ್ ಕಾಲಮ್ ಇರುವ ಟೇಬಲ್ಲಿಗೆ ಹೊಸ ಸಾಲು ಸೇರಿಸುವಾಗ ಮಾತ್ರ ‘ಪರ್ಮಿಷನ್ ಡಿನೈಡ್ ಫಾರ್ ಸೀಕ್ವೆನ್ಸ್’. ಐಡೆಂಟಿಟಿ ಕಾಲಮ್ ಬಳಸಿದರೆ ಈ ತೊಂದರೆ ಇಲ್ಲ.

ಇಷ್ಟಾದರೂ ಕೆಲಸ ಮುಗಿದಿಲ್ಲ. ‘ಆಲ್ ಟೇಬಲ್ಸ್’ ಎಂದರೆ ಆ ಕ್ಷಣಕ್ಕೆ ಇರುವ ಟೇಬಲ್‌ಗಳು ಮಾತ್ರ, ನಾಳೆ ಹುಟ್ಟುವ ಟೇಬಲ್ ಲೆಕ್ಕಕ್ಕಿಲ್ಲ. ಅದಕ್ಕೆಂದೇ ‘ಆಲ್ಟರ್ ಡೀಫಾಲ್ಟ್ ಪ್ರಿವಿಲೆಜಸ್ ಫಾರ್ ರೋಲ್ ದಾಸ್ತಾನು_ಮಾಲೀಕ’ ಎಂಬ ಕಮಾಂಡ್. ‘ಫಾರ್ ರೋಲ್’ ಭಾಗವನ್ನು ಬಿಟ್ಟರೆ ಕಮಾಂಡ್ ಕೊಟ್ಟವರು ಕಟ್ಟುವ ಟೇಬಲ್‌ಗಳಿಗೆ ಮಾತ್ರ ನಿಯಮ ತಗಲುತ್ತದೆ. ಮೈಗ್ರೇಷನ್ ರೋಲ್ ತನ್ನದೇ ಹೆಸರಿನಲ್ಲಿ ಟೇಬಲ್ ಕಟ್ಟಿದರೂ ನಿಯಮ ತಪ್ಪಿಹೋಗುತ್ತದೆ, ಹೊಸ ಆವೃತ್ತಿ ಬಿಡುಗಡೆಯಾದ ಕೂಡಲೇ ಆ ಒಂದು ಟೇಬಲ್ಲಿಗೆ ಮಾತ್ರ ಆ್ಯಪ್ ಹೋಗಲಾಗದೆ ನಿಲ್ಲುತ್ತದೆ. ‘ಆಲ್ಟರ್ ರೋಲ್ ದಾಸ್ತಾನು_ಮೈಗ್ರೇಷನ್ ಸೆಟ್ ರೋಲ್ ಟು ದಾಸ್ತಾನು_ಮಾಲೀಕ’ ಎಂದು ಒಮ್ಮೆ ಬರೆದಿಟ್ಟರೆ, ಲಾಗಿನ್ ಆದ ಕೂಡಲೇ ಅದು ಮಾಲೀಕನ ವೇಷ ತೊಡುತ್ತದೆ, ಕಟ್ಟಿದ್ದೆಲ್ಲ ಮಾಲೀಕನ ಹೆಸರಿಗೇ ಹೋಗುತ್ತದೆ.

ಈ ವಿಷಯದಲ್ಲಿ ಮೈಎಸ್‌ಕ್ಯೂಎಲ್ ಸರಳ ಎಂದು ಒಪ್ಪಬೇಕು. ಅಲ್ಲಿ ಡೇಟಾಬೇಸ್ ಮಟ್ಟದಲ್ಲಿ ಕೊಟ್ಟ ಹಕ್ಕು ಮುಂದೆ ಹುಟ್ಟುವ ಟೇಬಲ್‌ಗಳಿಗೂ ತಾನಾಗಿಯೇ ಅನ್ವಯಿಸುತ್ತದೆ. ಆದರೆ ಅಲ್ಲಿ ಹೆಸರು ಮತ್ತು ಹೋಸ್ಟ್ ಸೇರಿಯೇ ಒಂದು ಅಕೌಂಟ್. ಲೋಕಲ್‌ಹೋಸ್ಟ್‌ನಿಂದ ಬರುವ ‘ಆ್ಯಪ್’ ಬೇರೆ, ಹೊರಗಿಂದ ಬರುವ ‘ಆ್ಯಪ್’ ಬೇರೆ, ಎರಡಕ್ಕೂ ಬೇರೆ ಬೇರೆ ಪಾಸ್‌ವರ್ಡ್ ಇರಬಹುದು. ಗೊಂದಲ ಅಲ್ಲೂ ಇದೆ, ಜಾಗ ಬೇರೆ ಅಷ್ಟೆ.

ಆ್ಯಪ್ ಕಡೆಯಿಂದ

ಕನೆಕ್ಷನ್ ವಿಳಾಸವನ್ನು ಯುಆರ್‌ಎಲ್ ರೂಪದಲ್ಲಿ ಕೊಡುವಾಗ ಪಾಸ್‌ವರ್ಡಿನಲ್ಲಿ @ ಇದ್ದರೆ ಅದನ್ನು %40 ಎಂದು ಬರೆಯಬೇಕು, / ಇದ್ದರೆ %2ಎಫ್. ಇಲ್ಲದಿದ್ದರೆ @ ನಂತರದ ತುಂಡನ್ನು ಹೋಸ್ಟ್ ಹೆಸರು ಎಂದು ಲೈಬ್ರರಿ ತಿಳಿದು, ‘ಹೋಸ್ಟ್ ಸಿಗಲಿಲ್ಲ’ ಎಂಬ ಸಂಬಂಧವಿಲ್ಲದ ದೋಷ ಕೊಡಬಹುದು. ಉದ್ದನೆಯ, ಅಕ್ಷರ ಮತ್ತು ಅಂಕಿ ಮಾತ್ರ ಇರುವ ಪಾಸ್‌ವರ್ಡ್ ಇಟ್ಟರೆ ಈ ರಗಳೆಯೇ ಇಲ್ಲ.

ಎಸ್‌ಎಸ್‌ಎಲ್‌ಮೋಡ್‌ನ ಮೂಲ ಬೆಲೆ ‘ಪ್ರಿಫರ್’. ಅಂದರೆ ಸಾಧ್ಯವಾದರೆ ಗೂಢಲಿಪಿ, ಇಲ್ಲವಾದರೆ ಬಯಲು. ನೆಟ್‌ವರ್ಕ್ ದಾಟುವ ಕನೆಕ್ಷನ್ನಿಗೆ ‘ವೆರಿಫೈ-ಫುಲ್’ ಇಡಿ. ಪ್ರಮಾಣಪತ್ರವನ್ನೂ ಹೋಸ್ಟ್ ಹೆಸರನ್ನೂ ತಾಳೆ ನೋಡುವುದು ಅದೊಂದೇ. ಸರ್ವರ್ ಕೀ ಫೈಲಿನ ಪರ್ಮಿಷನ್ 0600 ಇರಬೇಕು (ಮಾಲೀಕ ರೂಟ್ ಆಗಿದ್ದರೆ 0640 ಸಹ ನಡೆಯುತ್ತದೆ). ಸಡಿಲವಾಗಿದ್ದರೆ ಸರ್ವರ್ ಆ ಕೀಯನ್ನು ಒಪ್ಪುವುದಿಲ್ಲ.

‘ಪಾಸ್‌ವರ್ಡ್ ಅಥೆಂಟಿಕೇಷನ್ ಫೇಲ್ಡ್’ ಬಂದಾಗ ಆ್ಯಪ್‌ನ ಪರದೆ ನೋಡುತ್ತ ಕೂರಬೇಡಿ, ಸರ್ವರ್ ಲಾಗ್ ತೆರೆಯಿರಿ. ಹೊರಗಿನವರಿಗೆ ಸುಳಿವು ಸಿಗಬಾರದೆಂದು ಸರ್ವರ್ ಬೇಕೆಂದೇ ಒಂದೇ ಮಾತು ಹೇಳುತ್ತದೆ. ಲಾಗ್‌ನಲ್ಲಿ ಮಾತ್ರ ರೋಲೇ ಇಲ್ಲವೋ, ಪಾಸ್‌ವರ್ಡ್ ಇಟ್ಟೇ ಇಲ್ಲವೋ, ಅವಧಿ ಮುಗಿದಿದೆಯೋ ಎಂಬುದೂ, ಪಿಜಿ_ಎಚ್‌ಬಿಎ ಫೈಲಿನ ಎಷ್ಟನೆಯ ಸಾಲಿಗೆ ಈ ಕನೆಕ್ಷನ್ ಹೊಂದಿತು ಎಂಬುದೂ ಇರುತ್ತದೆ. ಸರ್ವರಿನ ಒಳಗಿದ್ದವರಿಗೆ ಇಷ್ಟು ಸ್ಪಷ್ಟವಾಗಿ ಹೇಳುವುದು ನಮಗೆ ಬಹಳ ಹಿಡಿಸಿದ ಗುಣ.

ಕನೆಕ್ಷನ್‌ಗಳ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಿ. ‘ಮ್ಯಾಕ್ಸ್_ಕನೆಕ್ಷನ್ಸ್’ ಸಾಮಾನ್ಯವಾಗಿ 100, ಅದರಲ್ಲಿ 3 ಸೂಪರ್‌ಯೂಸರಿಗೆ ಮೀಸಲು, ಉಳಿದದ್ದು 97. ಆ್ಯಪ್‌ನ 5 ಪ್ರತಿಗಳು ಓಡುತ್ತಿದ್ದು ಒಂದೊಂದರ ಪೂಲ್ (ತೆರೆದಿಟ್ಟುಕೊಳ್ಳುವ ಕನೆಕ್ಷನ್‌ಗಳ ಗುಂಪು) 20 ಇದ್ದರೆ ಒಟ್ಟು 100. ದಟ್ಟಣೆಯ ಹೊತ್ತಿನಲ್ಲಿ ಕೊನೆಯ ಮೂರಕ್ಕೆ ಬಾಗಿಲು ಮುಚ್ಚುತ್ತದೆ. ಆ್ಯಪ್‌ಗೆ ಸೂಪರ್‌ಯೂಸರ್ ಕೊಟ್ಟಿದ್ದರೆ ಆ ಮೀಸಲು ಮೂರನ್ನೂ ಅದೇ ನುಂಗಿ, ರಿಪೇರಿಗೆ ಬಂದ ನಿಮಗೇ ಒಳಗೆ ಜಾಗ ಇರುವುದಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಪ್ರತಿ ಕನೆಕ್ಷನ್ನೂ ಒಂದು ಪೂರ್ತಿ ಪ್ರೊಸೆಸ್, ಆದ್ದರಿಂದ ಮಿತಿಯನ್ನು ಸಾವಿರಕ್ಕೆ ಏರಿಸುವುದು ಪರಿಹಾರವಲ್ಲ. ಪೂಲ್ ಚಿಕ್ಕದು ಮಾಡಿ, ಅದೂ ಸಾಲದಿದ್ದರೆ ನಡುವೆ ಕನೆಕ್ಷನ್‌ಗಳನ್ನು ಹಂಚಿಕೊಡುವ ಪಿಜಿಬೌನ್ಸರ್ ಇಡಿ, ಅದು ಪೋರ್ಟ್ 6432ರಲ್ಲಿ ಕೂರುತ್ತದೆ. ಆ್ಯಪ್ ರೋಲಿಗೆ ‘ಕನೆಕ್ಷನ್ ಲಿಮಿಟ್ 60’, ‘ಸ್ಟೇಟ್‌ಮೆಂಟ್_ಟೈಮ್‌ಔಟ್’ 30 ಸೆಕೆಂಡ್ ಎಂಬಂಥ ಕಡಿವಾಣಗಳನ್ನು ಆಲ್ಟರ್ ರೋಲ್ ಮೂಲಕವೇ ಹಾಕಬಹುದು. ಟೈಮ್‌ಔಟ್ ಹೊಸ ಕನೆಕ್ಷನ್‌ಗಳಿಗೆ ಮಾತ್ರ ಅನ್ವಯ, ಓಡುತ್ತಿರುವ ಪೂಲನ್ನು ಒಮ್ಮೆ ಬಿಟ್ಟು ಹಿಡಿಸಬೇಕು.

ಡಾಕರ್‌ನಲ್ಲಿ ಹಾಕುವವರಿಗೆ ಎರಡು ಮಾತು. ‘ಪೋಸ್ಟ್‌ಗ್ರೆಸ್_ಪಾಸ್‌ವರ್ಡ್’ ಎಂಬ ಎನ್ವಿರಾನ್‌ಮೆಂಟ್ ಬೆಲೆ ಕೆಲಸ ಮಾಡುವುದು ಡೇಟಾ ಫೋಲ್ಡರ್ ಖಾಲಿಯಿದ್ದಾಗ ಮಾತ್ರ, ಆ ಫೋಲ್ಡರಿನಲ್ಲಿ ಡೇಟಾ ಬಂದ ಮೇಲೆ ಆ ಬೆಲೆಯನ್ನು ಬದಲಿಸಿದರೆ ಪಾಸ್‌ವರ್ಡ್ ಬದಲಾಗದು. ‘ಪೋಸ್ಟ್‌ಗ್ರೆಸ್_ಯೂಸರ್’ ಎಂದು ಕೊಟ್ಟ ಹೆಸರು ಸೂಪರ್‌ಯೂಸರ್ ಆಗಿ ಹುಟ್ಟುತ್ತದೆ, ಅದನ್ನೇ ಆ್ಯಪ್‌ಗೆ ಕೊಡಬೇಡಿ.

ಕೊರತೆಗಳು

ಅಕೌಂಟುಗಳ ಬ್ಯಾಕಪ್ ಬಗ್ಗೆ ಈ ಸಾಫ್ಟ್‌ವೇರ್ ಇನ್ನಷ್ಟು ಸಹಾಯ ಮಾಡಬಹುದಿತ್ತು. ಪಿಜಿ_ಡಂಪ್ ಒಂದು ಡೇಟಾಬೇಸಿನ ಬ್ಯಾಕಪ್ ತೆಗೆಯುತ್ತದೆ, ರೋಲ್‌ಗಳದ್ದಲ್ಲ. ರೋಲ್‌ಗಳು ಇಡೀ ಸರ್ವರಿಗೆ ಸೇರಿದವು. ಹೊಸ ಯಂತ್ರದಲ್ಲಿ ಡಂಪ್ ಬಿಚ್ಚಿದಾಗ ‘ರೋಲ್ ಇಲ್ಲ’ ಎಂಬ ದೋಷಗಳು ಸಾಲಾಗಿ ಬರುವುದು ಇದರಿಂದಲೇ. ‘ಪಿಜಿ_ಡಂಪ್‌ಆಲ್ --ಗ್ಲೋಬಲ್ಸ್-ಓನ್ಲಿ’ಯನ್ನೂ ಪ್ರತಿ ಬ್ಯಾಕಪ್ ಜೊತೆ ಓಡಿಸಿ. ಪಾಸ್‌ವರ್ಡ್ ಹ್ಯಾಶ್‌ಗಳೂ ಅದರಲ್ಲಿರುತ್ತವೆ, ಫೈಲನ್ನು ಜೋಪಾನವಾಗಿಡಿ.

ನಮಗೆ ನಿಜಕ್ಕೂ ಬೇಸರ ತರುವ ಕೊರತೆ ಪಾಸ್‌ವರ್ಡ್ ಬದಲಾವಣೆಯದು. ಒಂದು ರೋಲಿಗೆ ಒಂದೇ ಕಾಲಕ್ಕೆ ಒಂದೇ ಪಾಸ್‌ವರ್ಡ್. ಮೈಎಸ್‌ಕ್ಯೂಎಲ್ 8ರಲ್ಲಿರುವಂತೆ ಹಳೆಯದೂ ಹೊಸದೂ ಕೆಲಕಾಲ ಒಟ್ಟಿಗೆ ನಡೆಯುವ ವ್ಯವಸ್ಥೆ ಇಲ್ಲಿಲ್ಲ. ಆ್ಯಪ್ ನಿಲ್ಲಿಸದೆ ಪಾಸ್‌ವರ್ಡ್ ಬದಲಿಸಬೇಕಾದರೆ ಮೊದಲಿನಿಂದಲೇ ಹೀಗೆ ಕಟ್ಟಿಕೊಳ್ಳಬೇಕು: ‘ದಾಸ್ತಾನು_ಆ್ಯಪ್’ ರೋಲನ್ನು ಲಾಗಿನ್ ಇಲ್ಲದ ಗ್ರೂಪ್ ಮಾಡಿ ಹಕ್ಕುಗಳನ್ನೆಲ್ಲ ಅದಕ್ಕೆ ಕೊಡಿ, ಅದರಡಿ ‘ದಾಸ್ತಾನು_ಆ್ಯಪ್_1’, ‘ದಾಸ್ತಾನು_ಆ್ಯಪ್_2’ ಎಂಬ ಎರಡು ಲಾಗಿನ್ ಸದಸ್ಯರನ್ನು ಇಡಿ. ಕನೆಕ್ಷನ್ ಲಿಮಿಟ್, ಟೈಮ್‌ಔಟ್‌ಗಳು ಗ್ರೂಪಿನಿಂದ ಇಳಿದು ಬರುವುದಿಲ್ಲ, ಅವನ್ನು ಈ ಎರಡಕ್ಕೂ ಬೇರೆಯಾಗಿ ಹಾಕಿ. ಪಿಜಿ_ಎಚ್‌ಬಿಎಯಲ್ಲಿ ಯೂಸರ್ ಜಾಗಕ್ಕೆ ‘+ದಾಸ್ತಾನು_ಆ್ಯಪ್’ ಎಂದು ಬರೆದರೆ ಸದಸ್ಯರಿಬ್ಬರಿಗೂ ಅದೊಂದೇ ಸಾಲು ಸಾಕು. ಆ್ಯಪ್ ‘_1’ರ ಹೆಸರಿನಲ್ಲಿ ಓಡುತ್ತಿರುವಾಗ ‘_2’ಕ್ಕೆ ಹೊಸ ಪಾಸ್‌ವರ್ಡ್ ಇಟ್ಟು, ಆ್ಯಪ್‌ನ ಪ್ರತಿಗಳನ್ನು ಒಂದೊಂದಾಗಿ ‘_2’ಕ್ಕೆ ಸರಿಸಿ, ಕೊನೆಗೆ ‘_1’ ಅನ್ನು ‘ನೋಲಾಗಿನ್’ ಮಾಡಿ. ಪಾಸ್‌ವರ್ಡ್ ಬದಲಾದರೂ ಲಾಗಿನ್ ಕಿತ್ತರೂ ಆಗಲೇ ಒಳಗಿರುವ ಕನೆಕ್ಷನ್‌ಗಳು ಕಡಿದುಹೋಗುವುದಿಲ್ಲ. ಪಾಸ್‌ವರ್ಡ್ ಸೋರಿದೆ ಎಂಬ ಅನುಮಾನದಿಂದ ಬದಲಿಸುತ್ತಿದ್ದರೆ, ‘ಪಿಜಿ_ಸ್ಟ್ಯಾಟ್_ಆ್ಯಕ್ಟಿವಿಟಿ’ಯಲ್ಲಿ ಹಳೆಯ ಹೆಸರಿನ ಸಾಲುಗಳನ್ನು ಹುಡುಕಿ ‘ಪಿಜಿ_ಟರ್ಮಿನೇಟ್_ಬ್ಯಾಕೆಂಡ್’ನಿಂದ ಒಂದೊಂದನ್ನೂ ಹೊರಹಾಕಿ.